ತಿಂಗಳಾಳ್ಚ ಅಂದ್ರೆ ತಿಂಗಳಿಗೊಮ್ಮೆ ಅಲ್ಲ

(ಗಡಿನಾಡಿನ ಕನ್ನಡ ಯುವಕ ಯುವತಿಯರ ಕೂಟವೊಂದರಲ್ಲಿ ಆಡಿದ ಮಾತು. ಬರೆದು ಕೊಡಿ ಅಂತ ಕೆಲವರು ಕೇಳಿದ್ದರಿಂದ ಇಲ್ಲಿ ಹಾಕಿದ್ದೇವೆ.)



ಇಲ್ಲಿ ಕೂತಿರುವ ಹಿರಿಯರಿಗೆ, ತಮ್ಮಂದಿರಿಗೆ, ತಂಗಿಯಂದಿರಿಗೆ ಮೊದಲೇ ಒಂದು ಸತ್ಯ ಹೇಳಿಬಿಡ್ತೇನೆ. ಇವತ್ತು ಈ ಮೈಕಿನ ಮುಂದೆ ನಿಲ್ಲಬೇಕಾದವ ನಾನಲ್ಲ, ನನ್ನ ಅಕ್ಕ. ಅಕ್ಕ ಶಾಲಾ ಆರೋಗ್ಯ ನರ್ಸ್. ಕಾಸರಗೋಡು ಜಿಲ್ಲೆಯ ನಮ್ಮ ಕಡೆಯ ಐದು ಶಾಲೆ ಅವಳ ಪಾಲಿಗೆ ಬಂದಿದೆ. ನೀವು ಕರೆದದ್ದು ಅವಳನ್ನೇ. ಆದ್ರೆ ಅವಳು, "ನನಗೆ ಸಿರಿಂಜ್ ಹಿಡಿದ್ರೆ ಕೈ ನಡುಗುದಿಲ್ಲ, ಮೈಕ್ ಹಿಡಿದ್ರೆ ನಡುಗ್ತದೆ. ನೀನು ಹೋಗು. ನೀನು ದಿನಾ ಕೌಂಟರಲ್ಲಿ ಕೂತು ನೂರು ಜನರ ಹತ್ರ ಮಾತಾಡುವವ ಅಲ್ವಾ" ಅಂದಳು. ನಾನು ಬ್ಯಾಂಕಿನಲ್ಲಿ ಗುಮಾಸ್ತ. ಬಿ.ಕಾಂ. ಓದಿ ಡೆಬಿಟ್ ಕ್ರೆಡಿಟ್ ನೋಡುವವ. ಮದ್ದಿನ ವಿಷಯ ನನಗೆ ಗೊತ್ತಿಲ್ಲ. ಆದ್ರೆ ರಾತ್ರಿ ಊಟಕ್ಕೆ ಕೂತಾಗ ಅಕ್ಕ ಹೇಳುವ ಕಥೆಗಳು ಎಲ್ಲಾ ಗೊತ್ತುಂಟು. ಅವಳ ಒಪ್ಪಿಗೆ ಕೇಳಿಯೇ ಅದನ್ನು ಇಲ್ಲಿ ಹೇಳ್ತಾ ಇದ್ದೇನೆ. ಮಕ್ಕಳ ಹೆಸರು, ಶಾಲೆಯ ಹೆಸರು ಮಾತ್ರ ಹೇಳಬಾರದು ಅಂತ ಕಟ್ಟುನಿಟ್ಟು ಮಾಡಿದ್ದಾಳೆ.

ಶಾಲೆಯ ನರ್ಸ್ ಅಂದ್ರೆ ಏನು ಕೆಲಸ ಅಂತ ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲ. "ಸೂಜಿ ಚುಚ್ಚುವವರು" ಅಂತ ಒಂದೇ ಗೊತ್ತು. ಮಕ್ಕಳಂತೂ ಅಕ್ಕನಿಗೆ ಇಟ್ಟ ಹೆಸರೇ "ಸೂಜಿ ಟೀಚರ್". ಅವಳ ಸ್ಕೂಟರ್ ಗೇಟಿನೊಳಗೆ ಬಂದ್ರೆ ಸಾಕು, "ಸೂಜಿ ಟೀಚರ್ ಬಂದ್ರು!" ಅಂತ ಒಬ್ಬ ಕೂಗ್ತಾನೆ, ಒಂದನೇ ಕ್ಲಾಸಿನ ಅರ್ಧ ಮಕ್ಕಳು ಡೆಸ್ಕಿನ ಅಡಿಗೆ. ಪಾಪ, ಅವಳು ಬಂದದ್ದು ಎತ್ತರ ಅಳೆಯಲಿಕ್ಕೆ. ನಿಜವಾಗಿ ಸೂಜಿ ಇರುವುದು ವರ್ಷದಲ್ಲಿ ಬೆರಳೆಣಿಕೆಯ ದಿನ. ಹತ್ತು ವರ್ಷಕ್ಕೆ ಒಂದು, ಹದಿನಾರು ವರ್ಷಕ್ಕೆ ಒಂದು ಟಿ.ಡಿ. ಲಸಿಕೆ ಉಂಟು, ಧನುರ್ವಾಯು ಮತ್ತು ಡಿಫ್ತೀರಿಯಾ ಬಾರದ ಹಾಗೆ. ಉಳಿದ ದಿನಗಳಲ್ಲಿ ಅವಳದ್ದು ತೂಕ ನೋಡುದು, ಕಣ್ಣು, ಹಲ್ಲು, ಕಿವಿ, ಚರ್ಮ ನೋಡುದು, ಕಬ್ಬಿಣದ ಗುಳಿಗೆ ಕೊಡುದು, ಹುಳದ ಮದ್ದು ಕೊಡುದು, ಮತ್ತೆ ಇದೆಲ್ಲ ರಿಜಿಸ್ಟರಿಗೆ ಬರೆಯುದು. 2013ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ ಶುರು ಮಾಡಿತು. ಹುಟ್ಟಿದ ಮಗುವಿನಿಂದ 18 ವರ್ಷದವರೆಗೆ ಹುಟ್ಟಿನ ದೋಷ, ಕಾಯಿಲೆ, ಪೋಷಕಾಂಶದ ಕೊರತೆ, ಬೆಳವಣಿಗೆಯ ತೊಡಕು, ಈ ನಾಲ್ಕನ್ನು ಬೇಗ ಕಂಡುಹಿಡಿದು ಆಸ್ಪತ್ರೆಗೆ ಕಳಿಸಬೇಕು. ಕಾಗದದಲ್ಲಿ ಎಷ್ಟು ಚಂದ! ಆದ್ರೆ ಆ ಮಗು ಮೊದಲು ಬಾಯಿ ಬಿಡಬೇಕಲ್ಲ ಮಾರಾಯ್ರೆ. ನನ್ನ ಇವತ್ತಿನ ಮಾತೆಲ್ಲ ಆ ಬಾಯಿ ಬಿಡುವ ವಿಷಯವೇ.

ಮೊದಲು ನಗುವ ಸಂಗತಿ ಹೇಳ್ತೇನೆ.

ಕಣ್ಣು ಪರೀಕ್ಷೆ. ಗೋಡೆಗೆ ಅಕ್ಷರದ ಚಾರ್ಟ್ ಹಾಕಿ, ಆರು ಮೀಟರ್ ದೂರದಲ್ಲಿ ಮಗುವನ್ನು ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ಓದಿಸುದು. ಐದನೇ ಕ್ಲಾಸಿನ ಒಬ್ಬ ಹುಡುಗ ಬಂದ, ಮೇಲಿನಿಂದ ಕೆಳಗಿನ ಸಾಲಿನವರೆಗೆ ಗಡಗಡ ಅಂತ ಓದಿದ. ಒಂದೂ ತಪ್ಪಿಲ್ಲ. ಅಕ್ಕನಿಗೆ ಸಂಶಯ ಬಂತು. ಯಾಕೆಂದ್ರೆ ಅವ ಓದುವಾಗ ನೋಡ್ತಾ ಇದ್ದದ್ದು ಚಾರ್ಟನ್ನಲ್ಲ, ಕಿಟಕಿಯನ್ನು. ಸಾಲಿನಲ್ಲಿ ಕೊನೆಗೆ ನಿಂತು, ಮುಂದಿನವರು ಹೇಳಿದ್ದನ್ನೆಲ್ಲ ಬಾಯಿಪಾಠ ಮಾಡಿದ್ದ! ಅಕ್ಕ ಚಾರ್ಟ್ ಬದಲಿಸಿದಳು. ಹುಡುಗ ಆಗಲೂ ಅದೇ ಹಳೆಯ ಅಕ್ಷರಗಳನ್ನು ಒಂದೂ ಬಿಡದೆ ಒಪ್ಪಿಸಿದ. ಯಾಕೋ ಹೀಗೆ ಅಂತ ಕೇಳಿದ್ದಕ್ಕೆ, "ಕನ್ನಡಕ ಹಾಕಿದ್ರೆ ಕಬಡ್ಡಿ ಟೀಮಿಂದ ತೆಗೀತಾರೆ ಸಿಸ್ಟರ್" ಅಂದ.

ಅಕ್ಷರ ಬಾರದ ಸಣ್ಣವರಿಗೆ ಬೇರೆ ಚಾರ್ಟ್. ಅದರಲ್ಲಿ ಇಂಗ್ಲಿಷಿನ 'ಇ' ಒಂದೇ ಅಕ್ಷರ, ಮೇಲೆ ಕೆಳಗೆ ಎಡ ಬಲ ತಿರುಗಿರ್ತದೆ. ಅದರ ಕಾಲು ಯಾವ ಕಡೆಗೆ ಉಂಟು ಅಂತ ಮಗು ಕೈಯಲ್ಲಿ ತೋರಿಸಬೇಕು. ಅಕ್ಕ ಒಂದು ಮಗುವಿನ ಹತ್ರ, "ಇದು ಯಾವ ಕಡೆ ನೋಡ್ತದೆ ಪುಟ್ಟಾ?" ಅಂತ ಕೇಳಿದಳು. ಮಗು ಗಂಭೀರವಾಗಿ, "ನಿಮ್ಮನ್ನೇ ನೋಡ್ತದೆ ಟೀಚರ್" ಅಂತು.

ಕಬ್ಬಿಣದ ಗುಳಿಗೆಯ ಕಥೆ ನಿಮಗೂ ಗೊತ್ತಿರಬಹುದು. ಈ ಕೂಟದಲ್ಲಿ ಇರುವ ಎಷ್ಟೋ ಜನ ಆ ನೀಲಿ ಗುಳಿಗೆ ನುಂಗಿದವರು, ಅಥವಾ ನುಂಗಿದ ಹಾಗೆ ಮಾಡಿದವರು. ವಾರಕ್ಕೆ ಒಂದು, ಊಟ ಆದ ಮೇಲೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಒಂದು ಶಾಲೆಯಲ್ಲಿ ಎಂಟನೇ ಕ್ಲಾಸಿನ ಕಿಟಕಿಯ ಕೆಳಗೆ ಒಂದು ಬಾಳೆಗಿಡ ಉಂಟು. ಅಕ್ಕ ಒಂದು ದಿನ ಅದರ ಬುಡದಲ್ಲಿ ನೋಡಿದ್ರೆ ನೀಲಿ ನೀಲಿ ಗುಳಿಗೆಗಳು. ರಿಜಿಸ್ಟರಿನಲ್ಲಿ ಎಲ್ಲರೂ ನುಂಗಿದ ಲೆಕ್ಕ! "ನಮ್ಮ ಶಾಲೆಯಲ್ಲಿ ಯಾರಿಗೆ ರಕ್ತಹೀನತೆ ಇದ್ರೂ ಆ ಬಾಳೆಗೆ ಇಲ್ಲ" ಅಂತ ಹೆಡ್ ಮಾಸ್ಟ್ರು ಹೇಳಿದರಂತೆ. ಲೆಕ್ಕ ಪುಸ್ತಕ ಸರಿ ಇದ್ದು ನಗದು ಇಲ್ಲದ ಹಾಗೆ ಇದು. ಬ್ಯಾಂಕಿನವನಾದ ನನಗೆ ಇದು ಚೆನ್ನಾಗಿ ಅರ್ಥ ಆಗ್ತದೆ.

ಇನ್ನು ಹೊಟ್ಟೆನೋವು. ಗಣಿತದ ಪೀರಿಯಡಿಗೆ ಶುರುವಾಗಿ ಊಟದ ಬೆಲ್ಲಿಗೆ ಗುಣವಾಗುವ ಹೊಟ್ಟೆನೋವು ಒಂದು ಉಂಟು. ಅದಕ್ಕೆ ಅಕ್ಕ "ಮಗ್ಗಿ ಹೊಟ್ಟೆನೋವು" ಅಂತ ಹೆಸರಿಟ್ಟಿದ್ದಾಳೆ. ಮದ್ದು, ಒಂದು ಲೋಟ ಬಿಸಿನೀರು ಮತ್ತು ಹತ್ತು ನಿಮಿಷ ಕೂತುಕೊಳ್ಳಲಿಕ್ಕೆ ಒಂದು ಬೆಂಚು. ಮೂರನೇ ಕ್ಲಾಸಿನ ಒಬ್ಬನಿಗೆ ವಾರದಲ್ಲಿ ಮೂರು ದಿನ ಈ ನೋವು. "ಕಳ್ಳ" ಅಂತ ಕ್ಲಾಸಿನಲ್ಲಿ ಹೆಸರಾಗಿತ್ತು. ಅಕ್ಕ ಒಂದು ದಿನ ಅವನನ್ನು ಪಕ್ಕದಲ್ಲಿ ಕೂರಿಸಿ ಆ ಮಾತು ಈ ಮಾತು ಆಡ್ತಾ, ಮನೆಯ ನಾಯಿಯ ಹೆಸರೇನು, ಕೋಳಿ ಎಷ್ಟುಂಟು ಅಂತ ಕೇಳ್ತಾ, ನಡುವಲ್ಲಿ "ಬೆಳಿಗ್ಗೆ ಏನು ತಿಂದೆ?" ಅಂದಳು. ಮಗು ಸುಮ್ಮನಾಯ್ತು. ಆಮೇಲೆ, "ಅಮ್ಮ ಬೀಡಿ ಕೊಡ್ಲಿಕ್ಕೆ ಹೋಗುವ ದಿನ ತಿಂಡಿ ಇಲ್ಲ" ಅಂತು. ಅದು ಹಸಿವಿನ ನೋವು. ಅದಕ್ಕೆ ಬೇಕಾದ್ದು ಗುಳಿಗೆ ಅಲ್ಲ, ಎರಡು ಇಡ್ಲಿ. ಹೆಡ್ ಮಾಸ್ಟ್ರು ಅದಕ್ಕೆ ಒಂದು ವ್ಯವಸ್ಥೆ ಮಾಡಿದರು.

ನಾಯಿ ಕೋಳಿಯ ಮಾತು ಬಾರದವರು ಆ ಬೆಂಚಿನಲ್ಲಿ ಕೂತಿದ್ರೆ ಈ ವಿಷಯ ಹೊರಗೆ ಬರ್ತಿತ್ತಾ? ಯೋಚನೆ ಮಾಡಿ.

ನಮ್ಮ ಕಾಸರಗೋಡನ್ನು ಸಪ್ತಭಾಷೆಯ ನೆಲ ಅಂತ ವೇದಿಕೆಯಲ್ಲಿ ನಿಂತು ಹೆಮ್ಮೆಯಿಂದ ಹೇಳ್ತೇವೆ. ಹೌದು, ಹೆಮ್ಮೆಯೇ. ಆದ್ರೆ ನರ್ಸಿನ ಕುರ್ಚಿಯಲ್ಲಿ ಕೂತವರಿಗೆ ಅದು ಏಳು ನಮೂನೆಯ ಹೊಟ್ಟೆನೋವು! ತುಳು ಮಗು "ಬಂಜಿಬೇನೆ" ಅಂತದೆ. ಹವ್ಯಕರ ಮಗು "ಹೊಟ್ಟೆಬೇನೆ" ಅಂತದೆ. ಕೊಂಕಣಿ ಮಗುವಿಗೆ "ಪೋಟ" ದುಕ್ತದೆ. ನಮ್ಮ ಊರಿನ ಮಲಯಾಳದಲ್ಲಿ ಹೊಟ್ಟೆಗೆ "ಪಳ್ಳ" ಅಂತಾರೆ. ಕೊಲ್ಲಂ, ತಿರುವನಂತಪುರ ಕಡೆಯಿಂದ ಬಂದ ಮಲಯಾಳಿ ನರ್ಸಿಗೆ ಗೊತ್ತಿರುವುದು "ವಯರ್" ಮಾತ್ರ. ಅಂದ್ರೆ ಅವರಿಗೆ ಇಲ್ಲಿ ಕನ್ನಡ ಮಾತ್ರ ಅಲ್ಲ, ಇಲ್ಲಿನ ಮಲಯಾಳವೂ ಅರ್ಥ ಆಗುದಿಲ್ಲ!

ಅಕ್ಕನ ಜೊತೆ ಕೆಲಸ ಮಾಡಿದ ಒಬ್ಬರು ಹಾಗೆ ತೆಂಕಣದಿಂದ ಬಂದವರು. ನಾವು ಅವರನ್ನು ಚೇಚಿ ಅಂತ ಕರೀತೇವೆ. ತುಂಬಾ ಒಳ್ಳೆಯ ಹೆಂಗಸು. ಬಂದ ಮೊದಲ ತಿಂಗಳು ಒಂದು ಕನ್ನಡ ಮಾಧ್ಯಮ ಶಾಲೆಗೆ ಹೋದರು. ಹವ್ಯಕರ ಮನೆಯ ಒಂದನೇ ಕ್ಲಾಸಿನ ಹುಡುಗಿ ಅಳ್ತಾ ಇತ್ತು. ಚೇಚಿ ಪ್ರೀತಿಯಿಂದ "ವೇದನ ಉಂಡೋ?" ಅಂತ ಕೇಳಿದರು. ನೋವು ಉಂಟಾ ಅಂತ ಅರ್ಥ. ಹುಡುಗಿ ಕಣ್ಣೊರೆಸಿಕೊಂಡು, "ಉಂಡೆ" ಅಂತು. ಊಟ ಮಾಡಿದೆ ಅಂತ ಅದರ ಲೆಕ್ಕ. "ಎವಿಡೆ?" ಅಂದ್ರು, ಎಲ್ಲಿ ಅಂತ. ಹುಡುಗಿಗೆ ಅದು ಅರ್ಥ ಆಗಲಿಲ್ಲ, ಅಡುಗೆಕೋಣೆಯ ಕಡೆಗೆ ಬೆರಳು ತೋರಿಸಿತು!

ಇನ್ನೊಂದು ದಿನ ಹುಳದ ಮದ್ದು ಕೊಡುವ ದಿನ. ವರ್ಷಕ್ಕೆ ಎರಡು ಸಲ ಆಲ್ಬೆಂಡಝೋಲ್ ಜಗಿಸ್ತಾರಲ್ಲ, ಅದು. ಮಲಯಾಳದಲ್ಲಿ ಗುಳಿಗೆಗೆ ಗುಳಿಗ ಅಂತಾರೆ. ಚೇಚಿ ಎರಡನೇ ಕ್ಲಾಸಿಗೆ ಹೋಗಿ ನಗುನಗುತ್ತಾ, "ಇನ್ನ್ ಎಲ್ಲಾರ್ಕುಂ ಗುಳಿಗ ಉಂಡ್" ಅಂದ್ರು. ನಿಮ್ಮಲ್ಲಿ ತುಳು ಗೊತ್ತಿರುವವರು ಈಗಲೇ ನಗ್ತಾ ಇದ್ದೀರಿ. ಉಳಿದವರಿಗೆ ಹೇಳ್ತೇನೆ. ನಮ್ಮ ಕಡೆ ಗುಳಿಗ ಅಂದ್ರೆ ದೈವ. ಕಾರಣಿಕದ ದೈವ. ತುಳುವಿನಲ್ಲಿ "ಗುಳಿಗ ಉಂಡು" ಅಂದ್ರೆ ಗುಳಿಗ ಇದೆ ಅಂತ. ಮುಂದಿನ ಬೆಂಚಿನ ಹುಡುಗ ಎದ್ದು ನಿಂತು ಕೈ ಮುಗಿದ. ಹಿಂದಿನ ಬೆಂಚಿನ ಇಬ್ಬರು ಬಾಗಿಲು ದಾಟಿ ಓಡಿದರು. ಚೇಚಿಗೆ ಇವತ್ತಿಗೂ ಆ ಕಥೆ ಹೇಳಿ ನಗದೆ ಇರಲಿಕ್ಕಾಗುದಿಲ್ಲ.

ಬಸ್ಸಿನಲ್ಲಿ ವಾಂತಿ ಮಾಡಿದ ಹುಡುಗನನ್ನು ಗೆಳೆಯ ಕರೆದುಕೊಂಡು ಬಂದು, "ಟೀಚರ್, ಇವ ಬಸ್ಸಲ್ಲಿ ಕಾರಿದ" ಅಂದ. ಚೇಚಿ, "ಬಸ್ಸೋ? ಕಾರೋ?" ಅಂತ ಕೇಳಿದರು. "ಬಸ್ಸಲ್ಲೇ ಟೀಚರ್, ಕಾರಿದ್ದು!" ಈ ಸಂಭಾಷಣೆ ಮುಗಿಯುವಷ್ಟರಲ್ಲಿ ಹುಡುಗ ಮತ್ತೊಮ್ಮೆ ಕಾರಿ, ಅರ್ಥ ಏನು ಅಂತ ಸ್ಪಷ್ಟ ಮಾಡಿದ.

ಇಷ್ಟರವರೆಗೆ ನಗು. ಇನ್ನೊಂದು ಹೇಳ್ತೇನೆ, ಅದರಲ್ಲಿ ಅರ್ಧ ಮಾತ್ರ ನಗು.

ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ ಚೇಚಿಯ ಹತ್ರ ಬಂದು, ತಲೆ ತಗ್ಗಿಸಿ, "ಕಾಗೆ ಮುಟ್ಟಿದೆ" ಅಂದಳು. ಚೇಚಿ ಅಷ್ಟರಲ್ಲಿ ಸ್ವಲ್ಪ ಕನ್ನಡ ಕಲಿತಿದ್ದರು. ಮಲಯಾಳದಲ್ಲೂ ಕಾಗೆಗೆ ಕಾಕ್ಕ. ಮುಟ್ಟಿದೆ ಅನ್ನುದೂ ಗೊತ್ತಿತ್ತು. ಕಾಗೆ ಬಂದು ತಲೆಗೆ ಕುಟುಕಿದೆ ಅಂತ ತಿಳಿದು, ಕೂದಲು ಬಿಡಿಸಿ ಗಾಯ ಹುಡುಕಿದರು! ಗಾಯ ಇಲ್ಲ. "ಏನಾಗಲಿಲ್ಲ ಮೋಳೇ, ಕ್ಲಾಸಿಗೆ ಹೋಗು" ಅಂತ ಕಳಿಸಿದರು. ಮುಟ್ಟಾದದ್ದನ್ನು ಬಾಯಿಬಿಟ್ಟು ಹೇಳಲಿಕ್ಕೆ ನಾಚಿಕೆಯಾಗಿ ಆ ಹುಡುಗಿ ಮನೆಯಲ್ಲಿ ಹೇಳುವ ಹಾಗೆ ಹೇಳಿದ್ದು. ಎರಡನೇ ಸಲ ಹೇಳುವ ಧೈರ್ಯ ಬರಲಿಲ್ಲ. ಸಂಜೆ ನಾಲ್ಕರವರೆಗೆ ಬೆಂಚು ಬಿಟ್ಟು ಏಳದೆ ಕೂತಳು. ಹೊಟ್ಟೆನೋವಿಗೆ ಒಂದು ಬಿಸಿನೀರಿನ ಚೀಲ ಇಲ್ಲ, ಬದಲಿಸಲಿಕ್ಕೆ ಪ್ಯಾಡ್ ಇಲ್ಲ. ಎಲ್ಲವೂ ಚೇಚಿಯ ಕಪಾಟಿನಲ್ಲಿಯೇ ಇತ್ತು.

ಮರುವಾರ ಅಕ್ಕನಿಂದ ವಿಷಯ ಗೊತ್ತಾದಾಗ ಚೇಚಿ ಅತ್ತುಬಿಟ್ಟರಂತೆ. ಅವತ್ತೇ ಒಂದು ನೂರು ಪುಟದ ನೋಟ್ ಪುಸ್ತಕ ತಗೊಂಡ್ರು. ಎಡಗಡೆ ಮಲಯಾಳ ಲಿಪಿಯಲ್ಲಿ ಕನ್ನಡ ಶಬ್ದ, ತುಳು ಶಬ್ದ. ಬಲಗಡೆ ಅರ್ಥ. ಹೊಟ್ಟೆ, ಎದೆ, ಕೆಮ್ಮು, ಸೀನು, ಕಜ್ಜಿ, ತಲೆ ತಿರುಗುದು, ಬಂಜಿ, ಬೇನೆ, ಕಾಗೆ ಮುಟ್ಟುದು. ಎರಡು ವರ್ಷದಲ್ಲಿ ಪುಸ್ತಕ ತುಂಬಿತು. ಆಮೇಲೆ ಏನಾಯ್ತು ಅಂದ್ರೆ, ವರ್ಗಾವಣೆ. ಚೇಚಿ ಊರಿಗೆ ಹೋದರು. ಅವರ ಜಾಗಕ್ಕೆ ಹೊಸಬರು ಬಂದರು. ಹೊಸಬರು ಮತ್ತೆ "ವೇದನ ಉಂಡೋ" ದಿಂದ ಶುರು.

ನಾನು ಯಾರ ಮೇಲೂ ದೂರು ಹೇಳ್ತಾ ಇಲ್ಲ. ಚೇಚಿಯಂಥವರು ನಮ್ಮ ಶತ್ರುಗಳಲ್ಲ. ತಾನಾಗಿ ನೋಟ್ ಪುಸ್ತಕ ಬರೆದು ಕಲಿತವರನ್ನು ಶತ್ರು ಅನ್ನಲಿಕ್ಕೆ ಯಾರಿಂದ ಸಾಧ್ಯ? ನಾನು ಹೇಳುದು ನಮ್ಮ ಬಗ್ಗೆ. ಕನ್ನಡ ಮಾಧ್ಯಮ ಶಾಲೆಗೆ ಕನ್ನಡ ಬಾರದ ಮಾಸ್ಟ್ರನ್ನು ಹಾಕಿದ್ರೆ ನಾವು ಗೇಟಿನ ಹತ್ರ ಕೂರ್ತೇವೆ, ಕೋರ್ಟಿಗೆ ಹೋಗ್ತೇವೆ. ಅದು ಸರಿ, ಮಾಡಲೇಬೇಕು. ಆದ್ರೆ ಮಗುವಿನ ನೋವು ಕೇಳುವವರಿಗೆ ಕನ್ನಡ ಬರ್ತದಾ ಅಂತ ನಮ್ಮಲ್ಲಿ ಯಾರಾದ್ರೂ ಒಂದು ದಿನ ಕೇಳಿದ್ದೇವಾ? ಪಾಠ ತಪ್ಪಿದ್ರೆ ಪರೀಕ್ಷೆಯಲ್ಲಿ ಮಾರ್ಕು ಹೋಗ್ತದೆ. ನೋವು ತಪ್ಪಾಗಿ ಅರ್ಥ ಆದ್ರೆ ಹೋಗುವುದು ಬೇರೆ.

ಈಗ ಅಕ್ಕ ನನಗೆ "ಇದನ್ನು ಬಿಡಬೇಡ, ಹೇಳು" ಅಂದ ಕಥೆ.

ನಮ್ಮಲ್ಲಿ ಏಪ್ರಿಲ್, ಮೇ ಎರಡು ತಿಂಗಳು ಶಾಲೆಗೆ ರಜೆ. ರಜೆಯಲ್ಲಿ ಕಬ್ಬಿಣದ ಗುಳಿಗೆ ತಪ್ಪಬಾರದು ಅಂತ ಅಕ್ಕ ಹುಡುಗಿಯರಿಗೆ ಒಂದೊಂದು ಕವರಿನಲ್ಲಿ ಒಂಬತ್ತು ಗುಳಿಗೆ ಹಾಕಿ, ಒಳಗೆ ಒಂದು ಚೀಟಿ ಇಟ್ಟು ಮನೆಗೆ ಕಳಿಸಿದಳು. ಜೂನ್ ತಿಂಗಳಲ್ಲಿ ಶಾಲೆ ಶುರುವಾದ ಮೊದಲ ವಾರವೇ ಎಂಟನೇ ಕ್ಲಾಸಿನ ಒಬ್ಬಳು ಅಸೆಂಬ್ಲಿಯಲ್ಲಿ ತಲೆತಿರುಗಿ ಬಿದ್ದಳು. ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ರಕ್ತ ನೋಡಿದ್ರೆ ಹಿಮೋಗ್ಲೋಬಿನ್ 9ರ ಹತ್ರ. ಆ ಪ್ರಾಯದ ಹುಡುಗಿಗೆ 12 ಆದ್ರೂ ಇರಬೇಕು. ಅಕ್ಕ ತಾಯಿಯನ್ನು ಕರೆಸಿದಳು. "ಅಮ್ಮಾ, ರಜೆಯಲ್ಲಿ ಗುಳಿಗೆ ಕೊಡ್ಲಿಲ್ವಾ?"

ಆ ತಾಯಿ ಸೆರಗಿನ ಗಂಟು ಬಿಚ್ಚಿ ಕವರು ತೆಗೆದು ಮೇಜಿನ ಮೇಲೆ ಇಟ್ಟರು. ಒಳಗೆ ಏಳು ಗುಳಿಗೆ ಉಳಿದಿತ್ತು. "ತಪ್ಪಿಸಲಿಲ್ಲ ಸಿಸ್ಟರ್. ಚೀಟಿಯಲ್ಲಿ ಇದ್ದ ಹಾಗೆಯೇ ಕೊಟ್ಟಿದ್ದೇನೆ. ತಿಂಗಳಿಗೆ ಒಂದು" ಅಂದರು.

ಚೀಟಿಯಲ್ಲಿ ಏನು ಬರೆದಿತ್ತು? ಮಲಯಾಳದಲ್ಲಿ "ತಿಂಗಳಾಳ್ಚ ಒನ್ನ್". ತಿಂಗಳಾಳ್ಚ ಅಂದ್ರೆ ಸೋಮವಾರ. ಸೋಮವಾರ ಒಂದು ಗುಳಿಗೆ ಅಂತ. ಆ ತಾಯಿ ಮದುವೆಯಾಗಿ ಸುಳ್ಯದ ಕಡೆಯಿಂದ ಬಂದವರು. ಮಲಯಾಳ ಓದಲಿಕ್ಕೆ ಬರುದಿಲ್ಲ. ನೆರೆಮನೆಯ ಹುಡುಗ ಓದಿ ಹೇಳಿದ. ಅವರ ಕಿವಿಗೆ ಬಿದ್ದದ್ದು "ತಿಂಗಳು". ಕನ್ನಡದ ತಿಂಗಳು. ಏಪ್ರಿಲಿಗೆ ಒಂದು, ಮೇಗೆ ಒಂದು. ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಒಂದು ದಿನವೂ ತಪ್ಪದೆ ಕೊಟ್ಟಿದ್ದರು.

ಏಳು ಗುಳಿಗೆ ತಪ್ಪಿದ್ದರಿಂದಲೇ ಆ ಹುಡುಗಿ ಬಿದ್ದಳು ಅಂತ ಅಕ್ಕ ಹೇಳುದಿಲ್ಲ. ರಕ್ತಹೀನತೆ ಎರಡು ತಿಂಗಳಲ್ಲಿ ಬರುವಂಥದ್ದಲ್ಲ. ಡಾಕ್ಟರು ಆಮೇಲೆ ಬೇರೆ ಮದ್ದು ಕೊಟ್ಟರು, ಹುಡುಗಿ ಈಗ ಆರಾಮ ಇದ್ದಾಳೆ. ಆದ್ರೆ ಅಕ್ಕನಿಗೆ ಆ ರಾತ್ರಿ ಊಟ ಸೇರಲಿಲ್ಲ. ನಾನು ಸಮಾಧಾನ ಮಾಡಲಿಕ್ಕೆ ಹೋದೆ. "ಬಿಡು ಅಕ್ಕಾ, ಮಲಯಾಳದಲ್ಲಿ ಚೀಟಿ ಕಳಿಸಿದವರದ್ದು ತಪ್ಪು, ನೀನೇನು ಮಾಡ್ತೀ" ಅಂದೆ.

ಅಕ್ಕ ನನ್ನ ಮುಖ ನೋಡಿದಳು. "ಚೀಟಿ ಬರೆದದ್ದು ಯಾರು ಗೊತ್ತುಂಟಾ? ನಾನೇ."

ನನಗೆ ಮಾತು ಹೊರಡಲಿಲ್ಲ. ಕನ್ನಡ ಮಾಧ್ಯಮದಲ್ಲಿ ಹತ್ತನೇ ಕ್ಲಾಸಿನವರೆಗೆ ಓದಿದವಳು, ನೂರಕ್ಕೆ ತೊಂಬತ್ತು ಕನ್ನಡ ಮಕ್ಕಳಿರುವ ಶಾಲೆಗೆ, ಮಲಯಾಳದಲ್ಲಿ ಚೀಟಿ ಬರೆದದ್ದು. ಯಾರೂ ಹೇಳಿರಲಿಲ್ಲ. ಮಲಯಾಳದಲ್ಲೇ ಬರೆಯಬೇಕು ಅಂತ ಒಂದು ಆದೇಶವೂ ಇರಲಿಲ್ಲ. "ರಿಪೋರ್ಟು ಮಲಯಾಳದಲ್ಲಿ, ಮೀಟಿಂಗು ಮಲಯಾಳದಲ್ಲಿ, ವಾಟ್ಸಾಪು ಗ್ರೂಪು ಮಲಯಾಳದಲ್ಲಿ. ಸರ್ಕಾರಿ ಕಾಗದ ಅಂದ್ರೆ ಕೈ ತನ್ನಿಂತಾನೇ ಆ ಕಡೆ ಹೋಗ್ತದೆ" ಅಂದಳು.

ನಾನೂ ಬೇರೆಯಲ್ಲ. ಕೌಂಟರಿನ ಮುಂದೆ ಬಂದ ಅಜ್ಜಿಗೆ ಬಾಯಲ್ಲಿ ಕನ್ನಡದಲ್ಲಿ ಹೇಳಿ, ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದು ಕೊಡ್ತಿದ್ದೆ. ಅಜ್ಜಿ ಅದನ್ನು ಮಡಚಿ ಪಾಸ್ ಬುಕ್ಕಿನಲ್ಲಿ ಇಟ್ಟುಕೊಂಡು ಹೋಗ್ತಿದ್ರು. ಮನೆಯಲ್ಲಿ ಯಾರು ಓದ್ತಾರೆ ಅಂತ ನಾನು ಯೋಚನೆ ಮಾಡಿದವನಲ್ಲ.

ಇದು ಕಾಸರಗೋಡಿನ ಕಥೆ ಮಾತ್ರ ಅಂತ ತಿಳಿಯಬೇಡಿ. ತಾಳವಾಡಿಯಿಂದ, ಹೊಸೂರಿನಿಂದ, ನೀಲಗಿರಿಯಿಂದ ಬಂದವರು ಇಲ್ಲಿದ್ದೀರಿ. ತಮಿಳಿನಲ್ಲಿಯೂ ಸೋಮವಾರಕ್ಕೆ ತಿಂಗಳ್ ಅಂತಲೇ ಹೇಳುದು. ನಮ್ಮ ಗುಂಡಿ ನಿಮ್ಮ ದಾರಿಯಲ್ಲೂ ಉಂಟು. ಆದೋನಿ, ರಾಯದುರ್ಗ, ಮಡಕಶಿರಾದವರಿಗೆ ಬೇರೆ ಗುಂಡಿ. ತೆಲುಗಿನಲ್ಲಿ ತಿಂಗಳಿಗೆ ನೆಲ ಅಂತಾರೆ. "ನೆಲಕು ಒಕಟಿ" ಅಂದ್ರೆ ತಿಂಗಳಿಗೆ ಒಂದು. ಕನ್ನಡದ ಅಜ್ಜಿ ಅದನ್ನು ಕೇಳಿ ಒಂದು ಗುಳಿಗೆ ನೆಲಕ್ಕೆ ಹಾಕಿದ್ರೆ ತಪ್ಪು ಯಾರದ್ದು? ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಅಣ್ಣಂದಿರೇ, ಮರಾಠಿಯಲ್ಲಿ ತಾಪ ಅಂದ್ರೆ ಜ್ವರ. ನಮ್ಮಲ್ಲಿ ತಾಪ ಅಂದ್ರೆ ಬಿಸಿಲಿನ ಕಾವೂ ಆಗ್ತದೆ, ಮನಸ್ಸಿನ ಸಂಕಟವೂ ಆಗ್ತದೆ. ಒಂದೇ ಶಬ್ದ, ಎರಡು ಅರ್ಥ, ನಡುವಲ್ಲಿ ಒಂದು ಮಗು. ಗಡಿ ಎಲ್ಲಿದ್ದರೂ ಇದೇ ಕಥೆ.

ಹಾಗಾದ್ರೆ ಏನು ಮಾಡುದು? ಭಾಷಣ ಮಾಡಿ ಮನೆಗೆ ಹೋಗುದಾ? ಅಕ್ಕ ಒಂದು ಪಟ್ಟಿ ಕೊಟ್ಟಿದ್ದಾಳೆ. ನಾನು ಎರಡು ಸೇರಿಸಿದ್ದೇನೆ.

ಒಂದು. ಕೇಳಲಿಕ್ಕೆ ನಮಗೆ ಹಕ್ಕುಂಟು ಅಂತ ಮೊದಲು ತಿಳಿದುಕೊಳ್ಳಿ. ಸಂವಿಧಾನದ 350ನೇ ವಿಧಿಯ ಪ್ರಕಾರ, ಕುಂದುಕೊರತೆಯ ಅರ್ಜಿಯನ್ನು ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗೆ ಕೊಡಬಹುದು. ಇದು ಎಲ್ಲಾ ರಾಜ್ಯಕ್ಕೂ ಅನ್ವಯ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ 350ಎ, ಭಾಷಾ ಅಲ್ಪಸಂಖ್ಯಾತರ ವಿಶೇಷ ಅಧಿಕಾರಿಗೆ 350ಬಿ. ಇವೆರಡನ್ನೂ ರಾಜ್ಯ ಪುನರ್ವಿಂಗಡಣೆ ಆದ 1956ರಲ್ಲೇ ಸೇರಿಸಿದ್ದು. ಯಾಕೆಂದ್ರೆ ನಮ್ಮಂಥವರು ಗೆರೆಯ ಆಚೆ ಉಳೀತೇವೆ ಅಂತ ಆಗಲೇ ಗೊತ್ತಿತ್ತು. ಕೇರಳದಲ್ಲಿ ಅದಕ್ಕಿಂತಲೂ ಹೆಚ್ಚು ಉಂಟು. 1969ರ ಅಧಿಕೃತ ಭಾಷೆಗಳ ಕಾನೂನಿನಲ್ಲಿ, ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರ್ಕಾರದೊಂದಿಗೆ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳೊಂದಿಗೆ ಪತ್ರ ವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಅಂತ ಬರೆದಿದೆ. ಹಾಗಾಗಿ ಶಾಲೆಯ ಆರೋಗ್ಯ ಚೀಟಿ, ಲಸಿಕೆಯ ಒಪ್ಪಿಗೆ ಪತ್ರ, ರಜೆಯ ಗುಳಿಗೆಯ ಸೂಚನೆ ಕನ್ನಡದಲ್ಲಿಯೂ ಬೇಕು ಅಂತ ಆರೋಗ್ಯ ಕೇಂದ್ರಕ್ಕೆ, ಪಂಚಾಯತಿಗೆ ಕನ್ನಡದಲ್ಲೇ ಅರ್ಜಿ ಬರೆಯಿರಿ. ಒಬ್ಬ ಬರೆದ್ರೆ ಕಡತದಲ್ಲಿ ಕೂರ್ತದೆ. ಹತ್ತು ಶಾಲೆಯ ಪಿ.ಟಿ.ಎ. ಬರೆದ್ರೆ ಯಾರಾದ್ರೂ ಒಬ್ಬರು ಓದಲೇಬೇಕಾಗ್ತದೆ. ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಲಿಕ್ಕೆ ಮರೆಯಬೇಡಿ, ಇದು ಗುಮಾಸ್ತನ ಬುದ್ಧಿಮಾತು.

ಎರಡು. ಅರ್ಜಿಗೆ ಉತ್ತರ ಬರುವವರೆಗೆ ಮಕ್ಕಳ ಹೊಟ್ಟೆನೋವು ಕಾಯುದಿಲ್ಲ. ಚೇಚಿಯ ನೋಟ್ ಪುಸ್ತಕದ ಹಾಗೆ ಒಂದು ಪುಟದ ಶಬ್ದಪಟ್ಟಿ ಮಾಡಿ. ನಿಮ್ಮ ಊರಿನ ಮಕ್ಕಳು ನೋವಿಗೆ ಏನು ಹೇಳ್ತಾರೆ, ಜ್ವರಕ್ಕೆ ಏನು ಹೇಳ್ತಾರೆ, ಹುಡುಗಿಯರು ನಾಚಿಕೆಯಿಂದ ಏನು ಹೇಳ್ತಾರೆ. ಎದುರು ರಾಜ್ಯಭಾಷೆಯಲ್ಲಿ ಅರ್ಥ, ಆ ರಾಜ್ಯದ ಲಿಪಿಯಲ್ಲೇ. ಹೊಸ ನರ್ಸ್ ಬಂದ ದಿನ ಹೋಗಿ, ನಮಸ್ಕಾರ ಹೇಳಿ, ಕೈಯಲ್ಲಿ ಕೊಡಿ. ಜಗಳ ಮಾಡಲಿಕ್ಕೆ ಬಂದವರು ಅಂತ ಅವರು ಹೆದರಿರ್ತಾರೆ, ಉಡುಗೊರೆ ಕೊಟ್ರೆ ಖುಷಿಯಾಗ್ತಾರೆ. ವರ್ಗಾವಣೆ ಆದ್ರೂ ಪಟ್ಟಿ ಶಾಲೆಯಲ್ಲೇ ಉಳೀಲಿ.

ಮೂರು. ನಮ್ಮವರೇ ಆ ಕುರ್ಚಿಗೆ ಬರಲಿ. ಬಿ.ಕಾಂ. ಮಾಡಿ ನನ್ನ ಹಾಗೆ ಬ್ಯಾಂಕಿಗೆ ಹೋಗುವವರು ಹೋಗಲಿ. ಆದ್ರೆ ನರ್ಸಿಂಗ್, ಎ.ಎನ್.ಎಂ., ಲ್ಯಾಬ್, ಫಾರ್ಮಸಿ ಓದುವ ಕನ್ನಡ ಮಕ್ಕಳು ನಮ್ಮ ಗಡಿಯಲ್ಲಿ ಬೇಕು. ಅದರ ಜೊತೆಗೆ ಆ ರಾಜ್ಯದ ಭಾಷೆಯನ್ನೂ ಚೆನ್ನಾಗಿ ಕಲಿಯಿರಿ. ಅಕ್ಕ ಪರೀಕ್ಷೆ ಪಾಸಾದದ್ದು ಮಲಯಾಳ ಕಲಿತದ್ದರಿಂದ. ಮಕ್ಕಳಿಗೆ ಉಪಯೋಗ ಆಗ್ತಾ ಇರುವುದು ಕನ್ನಡ, ತುಳು ಮರೆಯದೆ ಇದ್ದದ್ದರಿಂದ. ಕೇರಳದ ಪಿ.ಎಸ್.ಸಿ.ಯಲ್ಲಿ ಕೆಲವು ಹುದ್ದೆಗಳಿಗೆ "ಕನ್ನಡ ಮತ್ತು ಮಲಯಾಳ ಬಲ್ಲವರು" ಅಂತಲೇ ಪ್ರತ್ಯೇಕ ನೇಮಕಾತಿ ಉಂಟು. ಅಧಿಸೂಚನೆ ಬಂದಾಗ ನೋಡಿ, ಅರ್ಜಿ ಹಾಕಿ. ಮಕ್ಕಳ ಆರೋಗ್ಯದ ಹುದ್ದೆಗಳಿಗೂ ಅಂಥ ನಿಯಮ ಬೇಕು ಅಂತ ಕೇಳುವ ಕೆಲಸ ನಿಮ್ಮದು.

ನಾಲ್ಕು. ಇದಕ್ಕೆ ಅರ್ಜಿ ಬೇಡ, ಹೋರಾಟ ಬೇಡ, ಯಾರ ಅಪ್ಪಣೆಯೂ ಬೇಡ. ನೀವು ಎಲ್ಲಿ ಕೆಲಸಕ್ಕಿದ್ದರೂ ಕನ್ನಡದವರಿಗೆ ಬರೆದು ಕೊಡುವ ಚೀಟಿಯನ್ನು ಕನ್ನಡದಲ್ಲಿ ಬರೆಯಿರಿ. ಮೆಡಿಕಲ್ ಶಾಪಿನಲ್ಲಿ ಇದ್ದೀರಾ, ಗುಳಿಗೆಯ ಕವರಿನ ಮೇಲೆ "ಬೆಳಿಗ್ಗೆ 1, ರಾತ್ರಿ 1" ಅಂತ ಕನ್ನಡದಲ್ಲಿ ಬರೆಯಿರಿ. ಆಶಾ ಕಾರ್ಯಕರ್ತೆಯಾ, ಅಕ್ಷಯ ಕೇಂದ್ರದವರಾ, ಅಲ್ಲಿಯೂ ಅಷ್ಟೇ. ಸರ್ಕಾರಕ್ಕೆ ಹೋಗುವ ಕಾಗದ ಸರ್ಕಾರದ ಭಾಷೆಯಲ್ಲಿ ಇರಲಿ. ಅಮ್ಮನ ಸೆರಗಿನ ಗಂಟಿಗೆ ಹೋಗುವ ಕಾಗದ ಅಮ್ಮನ ಭಾಷೆಯಲ್ಲಿ ಇರಲಿ. ಈ ವಿಷಯದಲ್ಲಿ ನಮ್ಮನ್ನು ತಡೆದವರು ಯಾರೂ ಇಲ್ಲ. ನಾವೇ ಬರೆಯಲಿಲ್ಲ, ಅಷ್ಟೇ.

ಕೊನೆಗೆ ಒಂದು ಮಾತು. ಅಕ್ಕ ಈಗ ರಜೆಯ ಕವರಿನ ಚೀಟಿಯನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬರೀತಾಳೆ. "ಪ್ರತಿ ಸೋಮವಾರ ಒಂದು. ಊಟ ಆದ ಮೇಲೆ. ಚಹಾ, ಕಾಫಿಯ ಜೊತೆ ಬೇಡ. ಮಲ ಕಪ್ಪಾದ್ರೆ ಹೆದರಬೇಡಿ." ಕೆಳಗೆ ಒಂಬತ್ತು ಚೌಕ. ಪ್ರತಿ ಸೋಮವಾರ ಗುಳಿಗೆ ನುಂಗಿದ ಮೇಲೆ ಒಂದೊಂದು ಚೌಕಕ್ಕೆ ಗುರುತು ಹಾಕಬೇಕು. ಕಳೆದ ವರ್ಷದ ಚೌಕಗಳನ್ನು ಹಾಕಿ ಕೊಟ್ಟದ್ದು ನಾನೇ. ಎಷ್ಟಾದ್ರೂ ಲೆಡ್ಜರ್ ಗೆರೆ ಎಳೆದು ಅಭ್ಯಾಸ ಇರುವವ. ಜೂನಿನಲ್ಲಿ ಆ ಹುಡುಗಿಯ ತಾಯಿ ಕರೆಸದೆಯೇ ಶಾಲೆಗೆ ಬಂದರಂತೆ. ಖಾಲಿ ಕವರು ಮೇಜಿನ ಮೇಲೆ ಇಟ್ಟು, ಚೀಟಿ ಬಿಡಿಸಿ ತೋರಿಸಿದರಂತೆ. ಒಂಬತ್ತು ಚೌಕಕ್ಕೂ ಗುರುತು ಬಿದ್ದಿತ್ತು.

"ಈ ಸಲ ಯಾರ ಹತ್ರವೂ ಓದಿಸಬೇಕಾಗಿ ಬರಲಿಲ್ಲ ಸಿಸ್ಟರ್, ನಾನೇ ಓದಿದೆ" ಅಂದರಂತೆ.

ಆ ಚೀಟಿಗೆ ಖರ್ಚಾದದ್ದು ಒಂದು ಹಾಳೆ ಕಾಗದ.

ಊಟದ ಹೊತ್ತಾಯಿತು. "ಉಂಡೋ?" ಅಂತ ಯಾರಾದ್ರೂ ಕೇಳಿದ್ರೆ ಯಾವ ಭಾಷೆಯಲ್ಲಿ ಕೇಳಿದ್ದು ಅಂತ ನೋಡಿಕೊಂಡು ಉತ್ತರ ಕೊಡಿ.